ಸಿಪಾಯಿಯ ಹಾಡು, ಸರಕಾರದ ಕಡತ: ಕಿತ್ತೂರು ನಾಡಿನ ಯುದ್ಧಕಥನಗಳು

ಖಾನಾಪುರ ಸೀಮೆಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಮೂಡಣ ದಿಕ್ಕಿಗೆ ಹರಿಯುತ್ತ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಒಂದರ ಬೆನ್ನಿಗೊಂದರಂತೆ ಮುಟ್ಟುತ್ತದೆ. ಕರಿಮಣ್ಣಿನ ಎರೆಭೂಮಿ, ನಡುನಡುವೆ ಕೆಂಪು ಕಲ್ಲಿನ ಗುಡ್ಡಗಳು, ಗುಡ್ಡಕ್ಕೊಂದು ಕೋಟೆ. ಸವದತ್ತಿಯ ಕೋಟೆಯನ್ನು ಹದಿನೆಂಟನೆಯ ಶತಮಾನದಲ್ಲಿ ಶಿರಸಂಗಿಯ ದೇಸಾಯಿ ಮನೆತನದವರು ಕಟ್ಟಿಸಿದರು. ಅದರ ಸಮೀಪದ ಪರಸಗಡದ ಹೆಸರನ್ನೇ ತಾಲ್ಲೂಕು ಬಹುಕಾಲ ಹೊತ್ತಿತ್ತು. ಅದಕ್ಕೂ ಹಿಂದೆ ಈ ಊರು ಸುಗಂಧವರ್ತಿಯೆಂಬ ಹೆಸರಿನಲ್ಲಿ ರಟ್ಟರ ರಾಜಧಾನಿಯಾಗಿತ್ತು. ಇಷ್ಟೊಂದು ಕೋಟೆಗಳಿರುವ ನಾಡಿನಲ್ಲಿ ಯುದ್ಧದ ಕಥೆಗಳಿಗೆ ಬರವಿರಲಾರದು. ಆದರೆ ಆ ಕಥೆಗಳಲ್ಲಿ ನಾಯಕನಾಗುವವನು ಯಾರು, ಅವನ ಜಗಳ ಯಾತಕ್ಕೆ, ಸೋಲನ್ನು ಕಥೆಯು ಹೇಗೆ ಜೀರ್ಣಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗಳು ಇನ್ನೂ ಸಾಕಷ್ಟು ಚರ್ಚೆಗೆ ಒಳಗಾಗಿಲ್ಲ. ಲಾವಣಿ ಮತ್ತು ಗೀಗೀಪದಗಳನ್ನು ಒಂದೋ ಚರಿತ್ರೆಯ ಪುರಾವೆಗಳೆಂದು ಅಥವಾ ಜನರ ಉತ್ಪ್ರೇಕ್ಷೆಗಳೆಂದು ಓದುವ ಎರಡು ರೂಢಿಗಳು ನಮ್ಮಲ್ಲಿವೆ. ಈ ಎರಡರಲ್ಲಿಯೂ ಹಾಡಿನ ಸಿಪಾಯಿ ಕಾಣೆಯಾಗುತ್ತಾನೆ.

ಯುದ್ಧಸಾಹಿತ್ಯವೆಂದೊಡನೆ ಓದುಬಲ್ಲವರ ನೆನಪಿಗೆ ಬರುವುದು ಕಾದಂಬರಿ. ಉತ್ತರ ಕರ್ನಾಟಕದ ಐತಿಹಾಸಿಕ ಕಾದಂಬರಿಗೆ ಗಳಗನಾಥರು ಭದ್ರವಾದ ಬುನಾದಿ ಹಾಕಿದರು. ಅವರ ‘ಮಾಧವ ಕರುಣಾವಿಲಾಸ’ ವಿಜಯನಗರದ ಸ್ಥಾಪನೆಯನ್ನೂ ‘ಕನ್ನಡಿಗರ ಕರ್ಮಕಥೆ’ ಅದರ ಪತನವನ್ನೂ ವಸ್ತುವಾಗಿ ಪಡೆದಿವೆ. ಎರಡನೆಯದು ಮರಾಠಿಯ ಹರಿ ನಾರಾಯಣ ಆಪಟೆಯವರ ಕೃತಿಯನ್ನು ಅನುಸರಿಸಿದ್ದು. ನಾಲ್ಕು ಶತಮಾನಗಳ ಹಿಂದಿನ ಸಾಮ್ರಾಜ್ಯವು ಮುದ್ರಿತ ಪುಸ್ತಕಕ್ಕೆ ಒದಗಿದಷ್ಟು ಸುಲಭವಾಗಿ, ಮನೆಯ ಹಿತ್ತಲಿನಲ್ಲಿಯೇ ನಡೆದ 1824ರ ಕಾಳಗ ಒದಗಲಿಲ್ಲ. ಆಂಗ್ಲ ಪ್ರಭುತ್ವದ ಕೆಳಗೆ ಆ ವಸ್ತುವನ್ನು ಅಚ್ಚಿಗೆ ಕೊಡುವುದು ಸರಳವಾದ ಕೆಲಸವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಹಾಡಿಗೆ ಆ ಅಡ್ಡಿಯಿರಲಿಲ್ಲ. ಅದಕ್ಕೆ ಬೇಕಾದದ್ದು ದಪ್ಪು, ತುಂತುಣಿ, ತಾಳ, ಹಿಂದೆ ದನಿಗೂಡಿಸುವ ಇಬ್ಬರು ಮೇಳದವರು ಮತ್ತು ರಾತ್ರಿಯುದ್ದಕ್ಕೂ ಕುಳಿತು ಕೇಳುವ ಒಂದು ಊರು. ಹೀಗಾಗಿ ಈ ಭಾಗದಲ್ಲಿ ಯುದ್ಧದ ಕಲ್ಪಿತ ಕಥನವು ಶತಮಾನಕ್ಕೂ ಮಿಕ್ಕಿ ಬದುಕಿದ್ದು ಬಾಯಿಯಲ್ಲಿ.

ಮೊದಲು ಕಡತವು ಹೇಳುವುದನ್ನು ಸಂಕ್ಷೇಪವಾಗಿ ನೋಡಬಹುದು. ಕಿತ್ತೂರಿನ ಮಲ್ಲಸರ್ಜನು 1816ರಲ್ಲಿ ತೀರಿಕೊಂಡನು. ಅವನ ಮಗ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮರಣ ಹೊಂದಿದಾಗ ದತ್ತಕದ ಪ್ರಶ್ನೆ ಎದ್ದಿತು. ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ದತ್ತಕವನ್ನು ಮನ್ನಿಸದೆ ಖಜಾನೆಗೆ ಮುದ್ರೆ ಹಾಕಿಸಿದನು. ಅಕ್ಟೋಬರ್ 23ರಂದು ಮುಚ್ಚಿದ ಕೋಟೆಯ ಬಾಗಿಲನ್ನು ತೆರೆಯುವಂತೆ ಅವನು ಗಡುವು ಕೊಟ್ಟನು. ಬಾಗಿಲು ತೆರೆಯಿತು, ಆದರೆ ಅದರಿಂದ ಹೊರಬಂದದ್ದು ಕಿತ್ತೂರಿನ ದಂಡು. ಥ್ಯಾಕರೆ ಹತನಾದನು. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸಿವೆಲ್, ಲೆಫ್ಟಿನೆಂಟ್ ಡೈಟನ್ ಎಂಬ ಅಧಿಕಾರಿಗಳೂ ಬಲಿಯಾದರು. ಎಲಿಯಟ್ ಮತ್ತು ಸ್ಟಿವನ್‌ಸನ್ ಎಂಬ ಇಬ್ಬರು ಸೆರೆ ಸಿಕ್ಕರು. ಮುಂದೆ ಡೆಕ್ಕನ್ ಕಮಿಶನರನಾಗಿದ್ದ ಚಾಪ್ಲಿನ್ ಹಲವು ಕಡೆಗಳಿಂದ ಪಲಟಣಿಗಳನ್ನು ತರಿಸಿದನು. ಕರ್ನಲ್ ಡೀಕನ್ನನ ನೇತೃತ್ವದ ಸೈನ್ಯವು ಡಿಸೆಂಬರ್ ಮೊದಲ ವಾರದಲ್ಲಿ ಕೋಟೆಯನ್ನು ಹಿಡಿಯಿತು. ಆ ಸಂದರ್ಭದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಮಡಿದನು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಕೊನೆಯುಸಿರೆಳೆದಳು. ಅವಳ ಸಮಾಧಿ ಅಲ್ಲಿಯೇ ಇದೆ.

ಕಡತದ ದೃಷ್ಟಿಯಲ್ಲಿ ಇದು ವಾರಸಿಕೆ ಮತ್ತು ಖಜಾನೆಯ ಜಗಳ. ದತ್ತಕದ ಸಿಂಧುತ್ವ, ಒಡವೆಗಳ ಲೆಕ್ಕ, ಯಾರ ಅಪ್ಪಣೆಯಿಲ್ಲದೆ ಯಾರು ಏನು ಮಾಡಿದರು ಎಂಬ ವಿಚಾರಣೆ ಪುಟಪುಟಗಳಲ್ಲಿ ತುಂಬಿಕೊಂಡಿದೆ. ಅಂಥ ಕಡತಗಳ ಭಾಷೆಯಲ್ಲಿ ಕೋಟೆಯೊಳಗಿನಿಂದ ಹೊರಬಂದವರು ಒಂದು ಗುಂಪು, ಒಂದು ಸಂಖ್ಯೆ. ಅವರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಊರಿತ್ತು ಎಂಬುದನ್ನು ತಿಳಿಯಲು ಹಾಡಿನ ಕಡೆಗೇ ತಿರುಗಬೇಕಾಗುತ್ತದೆ. ಥ್ಯಾಕರೆಗೆ ಗುಂಡು ಹೊಡೆದವನೆಂದು ನಾಡು ನೆನೆಯುವ ಬಾಳಪ್ಪನು ಬರಿಯ ಬಾಳಪ್ಪನಲ್ಲ, ಅಮಟೂರಿನ ಬಾಳಪ್ಪ. ರಾಯಣ್ಣನು ಸಂಗೊಳ್ಳಿಯವನು, ಚನ್ನಬಸಪ್ಪನು ಬಿಚ್ಚುಗತ್ತಿಯವನು. ಮನೆತನದ ಅಡ್ಡಹೆಸರು, ಊರಿನ ಹೆಸರು, ಹಿಡಿದ ಆಯುಧದ ಹೆಸರು ಇವೇ ಇಲ್ಲಿ ಸಿಪಾಯಿಯ ಬಿರುದುಗಳು. ರಾಯಣ್ಣನ ಜೊತೆಗಾರರ ಸಾಲಿನಲ್ಲಿ ಸಿದ್ದಿ ಸಮುದಾಯದ ಗಜವೀರನ ಹೆಸರು ಬರುವುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸಹ್ಯಾದ್ರಿಯ ಅಡವಿಯಲ್ಲಿ ನೆಲೆಸಿದ, ಆಫ್ರಿಕಾ ಮೂಲದ ಒಂದು ಸಮುದಾಯದವನಿಗೆ ಕನ್ನಡದ ವೀರಕಥನದಲ್ಲಿ ಸಿಕ್ಕ ಗೌರವದ ಸ್ಥಾನ ಇದು. ಅದನ್ನು ಅವನಿಗೆ ಕೊಟ್ಟದ್ದು ಶಿಷ್ಟಸಾಹಿತ್ಯವಲ್ಲ.

ಇದಕ್ಕೆ ಹಿನ್ನೆಲೆಯಾಗಿ ಈ ಸೀಮೆಯ ಎರಡು ಹಳೆಯ ನೆನಪುಗಳಿವೆ. ಒಂದು, ವೀರಗಲ್ಲು. ಕರ್ನಾಟಕದ ವೀರಗಲ್ಲುಗಳಲ್ಲಿ ಬಹುಪಾಲು ಅರಸನವಲ್ಲ. ತುರುಗೋಳಿನಲ್ಲಿ, ಊರಳಿವಿನಲ್ಲಿ ಬಿದ್ದ ಸಾಮಾನ್ಯ ಬಂಟನವು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲೆ ಕೈಲಾಸ. ಇನ್ನೊಂದು, ಬೈಲಹೊಂಗಲ ಸೀಮೆಯ ಬೆಳವಡಿಯ ಮಲ್ಲಮ್ಮನ ಕಥೆ. ದಕ್ಷಿಣ ದಿಗ್ವಿಜಯದಿಂದ ಮರಳುತ್ತಿದ್ದ ಶಿವಾಜಿಯ ದಂಡನ್ನು ಗಂಡ ಈಶಪ್ರಭುವಿನ ಮರಣದ ಬಳಿಕವೂ ಅವಳು ತಡೆದು ನಿಂತಳೆಂಬ ಐತಿಹ್ಯ ಇಲ್ಲಿ ಮನೆಮಾತಾಗಿದೆ. ಮರಾಠಿ ಮೂಲಗಳಲ್ಲಿ ಅವಳು ಸಾವಿತ್ರಿಬಾಯಿ. ಧಾರವಾಡ ತಾಲ್ಲೂಕಿನ ಯಾದವಾಡದಲ್ಲಿರುವ ಶಿಲ್ಪವನ್ನು ಜನ ಇಂದಿಗೂ ಈ ಪ್ರಸಂಗದೊಡನೆ ಜೋಡಿಸುತ್ತಾರೆ. ಹೆಣ್ಣೊಬ್ಬಳು ಕಾಯುತ್ತಿದ್ದ ಕೋಟೆಯ ಮುಂದೆ ಶಿವಾಜಿಗೆ ಆದ ಹಿನ್ನಡೆಯನ್ನು 1678ರಲ್ಲಿ ರಾಜಾಪುರದ ಇಂಗ್ಲಿಷ್ ವ್ಯಾಪಾರಿಗಳು ತಮ್ಮ ಪತ್ರದಲ್ಲಿ ಬರೆದಿದ್ದರು. ಚನ್ನಮ್ಮ ಕುದುರೆಯೇರುವುದಕ್ಕೆ ಒಂದೂವರೆ ಶತಮಾನ ಮೊದಲೇ ಹೆಣ್ಣು ಕುದುರೆಯೇರಿದ ಚಿತ್ರ ಈ ನಾಡಿನ ಕೇಳುಗರ ಕಣ್ಣಿನಲ್ಲಿ ಸಿದ್ಧವಾಗಿತ್ತು. ಹರದೇಶಿ ನಾಗೇಶಿಗಳ ವಾದದಲ್ಲಿ ಹೆಣ್ಣು ಹೆಚ್ಚೆಂದು ಹಾಡುವ ನಾಗೇಶಿ ಮೇಳಕ್ಕೆ ಇವರಿಬ್ಬರಿಗಿಂತ ಗಟ್ಟಿಯಾದ ದೃಷ್ಟಾಂತ ಬೇರೆ ದೊರೆಯುವುದು ಕಷ್ಟ.

ಆದರೂ ನಾಡಿನ ಯುದ್ಧಕಥನದ ತಿರುಳು ಸಿಗುವುದು ರಾಣಿಯ ಹಾಡಿನಲ್ಲಿ ಅಲ್ಲ, ರಾಯಣ್ಣನ ಹಾಡಿನಲ್ಲಿ. ರಾಯಣ್ಣ ಸರದಾರನಲ್ಲ. ಅವನು ಸಂಗೊಳ್ಳಿಯ ಶೇತಸನದಿ. ಸರಕಾರಕ್ಕೆ ಕಾವಲು ಮತ್ತು ದಂಡಿನ ಸೇವೆ ಸಲ್ಲಿಸಿ, ಅದಕ್ಕೆ ಪ್ರತಿಯಾಗಿ ಸನದಿನ ಮೇರೆಗೆ ಹೊಲ ಉಣ್ಣುವವನಿಗೆ ಆ ಹೆಸರು. ಈ ವ್ಯವಸ್ಥೆಯಲ್ಲಿ ಸಿಪಾಯಿತನ ಮತ್ತು ಒಕ್ಕಲುತನ ಬೇರೆ ಬೇರೆಯಲ್ಲ. ಕತ್ತಿ ಇದ್ದರೆ ಹೊಲ, ಹೊಲ ಇದ್ದರೆ ಕತ್ತಿ. ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರಕ್ಕೆ ಈ ಕತ್ತಿಗಳು ಬೇಡವಾದವು. ಬೇಡವಾದ ಕತ್ತಿಯ ಹಿಂದಿದ್ದ ಹೊಲದ ಮೇಲೆ ಕಂದಾಯ ಬಿದ್ದಿತು. ರಾಯಣ್ಣನ ಹೊಲದ ಒಂದು ಭಾಗ ಜಪ್ತಿಯಾಗಿ, ಉಳಿದ ಭಾಗಕ್ಕೆ ಹೆಚ್ಚಿನ ತೆರಿಗೆ ಬಿತ್ತೆಂಬುದು ಚರಿತ್ರಕಾರರೂ ಒಪ್ಪಿದ ಸಂಗತಿ. 1824ರ ಕಾಳಗದಲ್ಲಿ ಕಾದಿ, ಸೆರೆ ಸಿಕ್ಕು, ಬಿಡುಗಡೆ ಹೊಂದಿದ ಈತ 1829ರಲ್ಲಿ ಮತ್ತೆ ದಂಡು ಕಟ್ಟಿದ್ದರ ಕಾರಣವನ್ನು ಕೇವಲ ಒಡತಿಯ ಮೇಲಿನ ನಿಷ್ಠೆಯಲ್ಲಿ ಹುಡುಕುವುದು ನಮ್ಮ ನಾಟಕ ಸಿನಿಮಾಗಳ ಅಭ್ಯಾಸ. ಮೌಖಿಕ ಪರಂಪರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕಂದಾಯದ ಬಾಕಿಗಾಗಿ ರಾಯಣ್ಣನ ತಾಯಿ ಕೆಂಚವ್ವನ ಬೆನ್ನಿನ ಮೇಲೆ ಕಲ್ಲು ಹೊರಿಸಿ ನಿಲ್ಲಿಸಿದರೆಂಬ ಪ್ರಸಂಗವನ್ನು ಅದು ಮರೆಯದೆ ಹೇಳುತ್ತದೆ.

ಈ ಕಲ್ಲಿನ ಪ್ರಸಂಗವನ್ನು ಕರುಣರಸಕ್ಕಾಗಿ ಹಾಡುಗಾರ ಕಟ್ಟಿದ ಕಲ್ಪನೆಯೆಂದು ಬದಿಗಿಡುವುದು ಸುಲಭ. ಆದರೆ ಬಾಕಿದಾರರನ್ನು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲು ಹೇರುವ ಶಿಕ್ಷೆ ಆ ಕಾಲದ ಕಂದಾಯ ವಸೂಲಿಯ ರೂಢಿಯಲ್ಲಿತ್ತು. ಮದ್ರಾಸ್ ಪ್ರಾಂತದಲ್ಲಿ ಇಂಥ ಹಿಂಸೆಗಳ ವಿಚಾರಣೆಗೆ ಸರಕಾರವೇ ಒಂದು ಆಯೋಗವನ್ನು ನೇಮಿಸಬೇಕಾಯಿತು. ಅದರ ವರದಿ 1855ರಲ್ಲಿ ಹೊರಬಂದಿತು. ಪ್ರಾಂತ ಬೇರೆಯಾದರೂ ಪದ್ಧತಿ ಅದೇ. ಕೆಂಚವ್ವನ ಬೆನ್ನ ಮೇಲೆ ಆ ದಿನ ಕಲ್ಲು ಇತ್ತೋ ಇಲ್ಲವೋ ಎಂಬುದನ್ನು ಯಾವ ಕಡತವೂ ಸಿದ್ಧಪಡಿಸಲಾರದು. ಸಾವಿರಾರು ಬೆನ್ನುಗಳ ಮೇಲೆ ಅದು ಇತ್ತೆಂಬುದು ನಿಶ್ಚಿತ. ಹಾಡು ಆ ಸಾವಿರ ಬೆನ್ನುಗಳಿಗೆ ಒಬ್ಬ ತಾಯಿಯ ಹೆಸರು ಕೊಟ್ಟಿದೆ. ಕಲ್ಪಿತ ಕಥನದ ಕೆಲಸವೇ ಇದು.

ರಾಯಣ್ಣನ ದಂಡಿನ ನಡೆಯನ್ನು ಗಮನಿಸಿದರೂ ಇದೇ ಅರ್ಥ ಹೊರಡುತ್ತದೆ. 1830ರ ಜನವರಿಯಲ್ಲಿ ಅವನ ಜನ ಬೀಡಿಯ ಸರಕಾರಿ ಕಚೇರಿಯನ್ನು ಸುಟ್ಟರು. ಆ ಬಳಿಕ ಸಂಪಗಾವಿಯ ಕಚೇರಿಯತ್ತ ನುಗ್ಗಿದರು. ಕೋಟೆಯನ್ನು ಹಿಡಿಯುವುದಕ್ಕೆ ಮುಂಚೆ ಕಾಗದವನ್ನು ಸುಡುವ ಈ ಯುದ್ಧಕ್ರಮವು ಅರಸರ ಯುದ್ಧಕ್ರಮವಲ್ಲ. ಹೊಲ ಕಳೆದುಕೊಂಡವನಿಗೆ ಶತ್ರು ಇರುವುದು ಬುರುಜಿನ ಮೇಲೆ ಅಲ್ಲ, ದಫ್ತರದಲ್ಲಿ. ಇಪ್ಪತ್ತೇಳು ವರ್ಷಗಳ ಬಳಿಕ ಪಕ್ಕದ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಎದ್ದಾಗಲೂ ಕಾರಣ ಬದುಕಿನ ಸಲಕರಣೆಯೇ ಆಗಿತ್ತು. ಹತಾರಗಳನ್ನು ಒಪ್ಪಿಸಬೇಕೆಂಬ ಹುಕುಂ ಬಂದದ್ದರಿಂದ 1857ರ ನವೆಂಬರಿನಲ್ಲಿ ಅವರು ಕಾದಿ ಮಡಿದರು. ಉಳಿದವರಲ್ಲಿ ಹಲವರು ಗಲ್ಲಿಗೇರಿದರು. ಆ ಕಾಳಗದ ಲಾವಣಿ ಇಂದು ಶಾಲೆಯ ಕನ್ನಡ ಪಠ್ಯದ ಮೂಲಕ ನಾಡಿನ ಮಕ್ಕಳೆಲ್ಲರನ್ನೂ ತಲುಪಿದೆ. ಅದರ ಕೊನೆಗೆ ಬರುವ ಅಂಕಿತ ಕುರ್ತಕೋಟಿಯ ಕಲ್ಮೇಶನದು. ಕವಿ ತನ್ನನ್ನು ಗುರುತಿಸಿಕೊಳ್ಳುವುದು ಊರ ದೇವರ ಹೆಸರಿನಲ್ಲಿ. ಕಾದಿದವನಿಗೂ ಊರು, ಹಾಡಿದವನಿಗೂ ಊರು.

ಸೋಲಿನ ಪ್ರಶ್ನೆಗೆ ಬಂದಾಗ ಹಾಡು ತನ್ನದೇ ಆದ ದಾರಿ ಹಿಡಿಯುತ್ತದೆ. ಕಿತ್ತೂರಿನ ಮದ್ದಿನಲ್ಲಿ ದ್ರೋಹಿಗಳು ಸೆಗಣಿ ಬೆರೆಸಿದ್ದರು, ಆದ್ದರಿಂದ ತೋಪುಗಳು ಹಾರಲಿಲ್ಲ ಎಂಬ ಕಥೆಯನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ರಾಯಣ್ಣನನ್ನು ಯಾರೂ ಕತ್ತಿ ಹಿಡಿದು ಗೆಲ್ಲಲಿಲ್ಲ. ಹಳ್ಳದಲ್ಲಿ ಮೈತೊಳೆಯುವಾಗ, ಕೈಯಲ್ಲಿ ಆಯುಧವಿಲ್ಲದ ಗಳಿಗೆಯಲ್ಲಿ, ತನ್ನವರೇ ಹಿಡಿದುಕೊಟ್ಟರು ಎಂಬುದು ಎರಡನೆಯ ಕಥೆ. ಮೊದಲನೆಯ ಕಥೆಯ ಬೆನ್ನಿಗೆ ಇರುವ ಸೈನಿಕ ವಾಸ್ತವ ಸರಳವಾಗಿದೆ. ಒಂದು ದೇಸಗತಿಯ ಕೋಟೆಯ ಮುಂದೆ ಹಲವು ಪಲಟಣಿಗಳ, ಭಾರಿ ತೋಪುಗಳ ಸೈನ್ಯ ಬಂದು ನಿಂತಿತ್ತು. ಸೆಗಣಿ ಬೆರೆಯದಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತೆಂದು ಹೇಳುವುದು ಕಷ್ಟ. ಆದರೆ ತೋಪಿನ ಎಣಿಕೆಯಲ್ಲಿ ಸೋಲನ್ನು ವಿವರಿಸಿದರೆ ಕೇಳುಗನಿಗೆ ಸಮಾಧಾನವಿಲ್ಲ. ಬಾಣ ಬತ್ತಳಿಕೆಯಲ್ಲಿರುವಾಗ ಕರ್ಣ ಸಾಯುವುದಿಲ್ಲ, ರಥದ ಗಾಲಿ ನೆಲದಲ್ಲಿ ಹೂಳಬೇಕು. ದೊಡ್ಡಾಟದ ರಂಗದಲ್ಲಿ ರಾತ್ರಿಯಿಡೀ ಕರ್ಣನನ್ನೂ ಅಭಿಮನ್ಯುವನ್ನೂ ಕಂಡ ಜನಕ್ಕೆ ವೀರನ ಸಾವಿನ ವ್ಯಾಕರಣ ತಿಳಿದದ್ದೇ. ರಾಯಣ್ಣನ ಹಳ್ಳ, ಕಿತ್ತೂರಿನ ಮದ್ದು ಆ ವ್ಯಾಕರಣಕ್ಕೆ ಹೊಂದಿಕೊಂಡ ಪದಗಳು.

ಈ ವ್ಯಾಕರಣಕ್ಕೆ ಒಂದು ಬೆಲೆಯೂ ಇದೆ, ಅದನ್ನು ಅಭಿಮಾನದ ಭರದಲ್ಲಿ ಮರೆಮಾಚಬಾರದು. ವೀರನನ್ನು ಊರಿನ ಹೆಸರಿನಿಂದ ಗುರುತಿಸುವ ಹಾಡು ದ್ರೋಹಿಯನ್ನೂ ಊರಿನ ಹೆಸರಿನಿಂದಲೇ ಗುರುತಿಸುತ್ತದೆ. ಒಂದು ಊರಿಗೆ ಇನ್ನೂರು ವರ್ಷಗಳ ಕೀರ್ತಿ ಬಂದ ರೀತಿಯಲ್ಲಿಯೇ ಇನ್ನೊಂದು ಊರಿಗೆ ಇನ್ನೂರು ವರ್ಷಗಳ ಕಳಂಕ ಬಂದಿದೆ. ಕಂಪನಿಯ ಆಳಿಕೆಯಲ್ಲಿ ತನ್ನ ವತನ ಉಳಿಸಿಕೊಳ್ಳಲು ಹೆಣಗಿದ ಗೌಡನೊಬ್ಬನ ಇಕ್ಕಟ್ಟನ್ನು ಲಾವಣಿ ಕೇಳುವುದಿಲ್ಲ, ಅದಕ್ಕೆ ಅಷ್ಟು ವ್ಯವಧಾನವಿಲ್ಲ. ಸಂಪಾದಕನಿಗೆ ಆ ವ್ಯವಧಾನ ಇರಬೇಕು. ಹಾಡಿನ ಪಾಠವನ್ನು ಅಚ್ಚು ಮಾಡುವಾಗ ದ್ರೋಹದ ಆರೋಪಕ್ಕೆ ದಾಖಲೆಯ ಆಧಾರ ಎಷ್ಟಿದೆ ಎಂಬುದನ್ನು ಬೇರೆಯಾಗಿ ತೂಗದೆ, ಹಾಡಿನ ಮಾತನ್ನೇ ಇತಿಹಾಸವೆಂದು ಪಠ್ಯಗಳಿಗೆ ದಾಟಿಸಿದ ಉದಾಹರಣೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ರಾಮದುರ್ಗದ ಕಡೆಗೆ ಬಂದರೆ ಕಡತವೇ ಕಥೆಗಿಂತ ಕಥೆಯಾಗಿ ಕಾಣುತ್ತದೆ. ನರಗುಂದದ ಬಾಬಾಸಾಹೇಬ ಅಂದರೆ ಭಾಸ್ಕರರಾವ ಭಾವೆ, ಮತ್ತು ರಾಮದುರ್ಗದ ಅರಸ, ಇಬ್ಬರೂ ಸಂಬಂಧದಲ್ಲಿ ಅಣ್ಣತಮ್ಮಂದಿರು. ದತ್ತಕವನ್ನು ನಿರಾಕರಿಸಿದ ಸರಕಾರದ ಮೇಲೆ ನರಗುಂದದವನಿಗೆ ಕಿತ್ತೂರಿನದೇ ಬಗೆಯ ಕೋಪವಿತ್ತು. ರಾಮದುರ್ಗದವನು ಸರಕಾರದ ಪಕ್ಷದಲ್ಲಿ ಉಳಿದನು. 1858ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ನರಗುಂದದತ್ತ ಹೊರಟನು. ಮುಂದೆ ಹೋಗುವುದು ಕ್ಷೇಮವಲ್ಲವೆಂದು ರಾಮದುರ್ಗದ ಅರಸ ಎಚ್ಚರಿಸಿದ್ದನು. ಸುರೇಬಾನದಲ್ಲಿ ರಾತ್ರಿ ತಂಗಿದ್ದ ಮ್ಯಾನ್ಸನ್ನನ ಮೇಲೆ ಬಾಬಾಸಾಹೇಬ ಕುದುರೆಯ ದಂಡಿನೊಡನೆ ಬಿದ್ದು ಅವನ ತಲೆಯನ್ನು ನರಗುಂದಕ್ಕೆ ಒಯ್ದನು. ಅದು ಅಲ್ಲಿನ ಕೋಟೆಯ ಬಾಗಿಲಿಗೆ ಏರಿತು. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಇಲ್ಲಿ ಪಡೆಗಳ ಕಾಳಗಕ್ಕಿಂತ ಒಂದು ರಾತ್ರಿಯ ಸಾಹಸ ಮತ್ತು ಅಣ್ಣತಮ್ಮಂದಿರ ಒಡಕು ಮುಖ್ಯವಾಗುತ್ತದೆ. ಆದರೂ ಇದು ಅರಸುಮನೆಯ ಕಥೆಯಾಗಿಯೇ ಉಳಿದು, ರಾಯಣ್ಣನ ಕಥೆಯಷ್ಟು ಆಳವಾಗಿ ಒಕ್ಕಲಿಗನ ನಾಲಿಗೆಯನ್ನು ಹಿಡಿಯಲಿಲ್ಲವೆಂದು ತೋರುತ್ತದೆ. ಇದರಲ್ಲಿ ಹೊಲದ ಮಾತಿಲ್ಲ.

ಈ ಹಾಡುಗಳು ಕಾಗದಕ್ಕೆ ಬಂದ ಬಗೆಯಲ್ಲಿಯೂ ಒಂದು ವೈಚಿತ್ರ್ಯವಿದೆ. ಮುಂಬಯಿ ಪ್ರಾಂತದ ಸಿವಿಲ್ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಕನ್ನಡ ಶಾಸನಗಳ ಸಂಶೋಧಕನೆಂದು ಪ್ರಸಿದ್ಧ. ಸವದತ್ತಿಯ ರಟ್ಟರ ಶಾಸನಗಳನ್ನು ಸಂಪಾದಿಸಿ ಅವರ ಚರಿತ್ರೆಗೆ ಬುನಾದಿ ಹಾಕಿದವನು ಆತ. ಅದೇ ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಅವುಗಳಲ್ಲಿ ರಾಯಣ್ಣನ ಲಾವಣಿಯೂ ಹಲಗಲಿಯ ಲಾವಣಿಯೂ ಬೈಲಹೊಂಗಲದ ಸಂಗ್ಯಾನ ಲಾವಣಿಯೂ ಇವೆ. ರಾಯಣ್ಣನನ್ನು ಗಲ್ಲಿಗೇರಿಸಿ ಆಗ ಐವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಗಲ್ಲಿಗೇರಿಸಿದ ಪ್ರಭುತ್ವದ ಅಧಿಕಾರಿಯೊಬ್ಬನ ಸಂಗ್ರಹಕ್ಕೆ ಗಲ್ಲಿಗೇರಿದವನ ಹಾಡು ಸೇರಿತು. ಆ ಪಾಠವನ್ನು ಇಂದು ಓದುವಾಗ ಈ ಸಂದರ್ಭವನ್ನು ಮರೆಯುವಂತಿಲ್ಲ. ಸಾಹೇಬನ ಕಿವಿಗೆ ಬೀಳಲಿದೆಯೆಂದು ತಿಳಿದು ಹಾಡಿದಾಗ ಯಾವ ನುಡಿ ಉಳಿಯಿತು, ಯಾವುದು ಮೆತ್ತಗಾಯಿತು, ಯಾವುದನ್ನು ಹಾಡುಗಾರ ನುಂಗಿಕೊಂಡ? ಲಾವಣಿ ಪ್ರತಿ ರಾತ್ರಿಯೂ ಕೇಳುಗರನ್ನು ನೋಡಿ ರೂಪ ಪಡೆಯುವಂಥದು. ಫ್ಲೀಟ್‌ನ ಪಾಠವನ್ನು ಮೂಲಪಾಠವೆಂದು ಪೂಜಿಸುವುದರ ಬದಲು, ಒಬ್ಬ ವಿಶೇಷ ಕೇಳುಗನಿಗಾಗಿ ಒದಗಿದ ಒಂದು ಪಾಠವೆಂದು ಓದುವುದು ಹೆಚ್ಚು ಉಚಿತ. ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ, ಬನದ ಹುಣ್ಣಿವೆ ಭಾರತ ಹುಣ್ಣಿವೆಗಳಲ್ಲಿ ಸೇರುವ ಜನಸಾಗರದ ಮುಂದೆ ಹಾಡುವಾಗ ಪಾಠ ಇನ್ನೊಂದೇ ಆಗುತ್ತದೆ.

ಕಿತ್ತೂರಿನಲ್ಲಿ ಸೆರೆ ಸಿಕ್ಕ ಎಲಿಯಟ್‌ನದು ಇದಕ್ಕೆ ಹೊಂದುವ ಇನ್ನೊಂದು ಕಥೆ. ಆತನೇ ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಹೆಸರಾದನು. ಸುಮಾರು ಆರು ವಾರ ಕೋಟೆಯಲ್ಲಿ ಬಂದಿಯಾಗಿದ್ದ ಅವನನ್ನು ಕಿತ್ತೂರಿನವರು ಗೌರವದಿಂದ ನಡೆಸಿಕೊಂಡರು. ಬಿಡುಗಡೆಯಾದ ತರುಣನು ಮುಂದಿನ ವರ್ಷಗಳಲ್ಲಿ ಈ ಭಾಗದ ಶಾಸನಗಳನ್ನು ನಕಲು ಮಾಡಿಸಿ, ಆರುನೂರರ ಸಮೀಪದಷ್ಟು ಪ್ರತಿಗಳ ಸಂಗ್ರಹವನ್ನು ಸಿದ್ಧಪಡಿಸಿದನು. ಕರ್ನಾಟಕದ ಶಾಸನಾಧ್ಯಯನದ ಮೊದಲ ಅಧ್ಯಾಯದಲ್ಲಿ ಕಿತ್ತೂರಿನ ಯುದ್ಧಕೈದಿಯೊಬ್ಬನು ನಿಂತಿದ್ದಾನೆ.

ಥ್ಯಾಕರೆಯ ಮನೆತನಕ್ಕೂ ಯುದ್ಧಸಾಹಿತ್ಯಕ್ಕೂ ಇರುವ ನಂಟು ಇನ್ನೂ ಕುತೂಹಲದ್ದು. ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಚಿಕ್ಕಪ್ಪನಾಗಬೇಕು. ಆ ಸುದ್ದಿ ವಿಲಾಯತಿಗೆ ಮುಟ್ಟಿದಾಗ ಕಲಕತ್ತೆಯಲ್ಲಿ ಹುಟ್ಟಿದ ಈ ಹುಡುಗನಿಗೆ ಹದಿಮೂರರ ಸುಮಾರು ವಯಸ್ಸು. 1847-48ರಲ್ಲಿ ಕಂತುಕಂತಾಗಿ ಬಂದ ಆ ಕಾದಂಬರಿಯ ನಡುವಿಗೆ ವಾಟರ್‌ಲೂ ಯುದ್ಧವಿದೆ. ಆದರೆ ಲೇಖಕ ರಣರಂಗಕ್ಕೆ ಕಾಲಿಡುವುದಿಲ್ಲ. ಬ್ರಸೆಲ್ಸ್ ಪಟ್ಟಣದಲ್ಲಿ ತೋಪಿನ ಸದ್ದು ಕೇಳುತ್ತ ಕುಳಿತ ಹೆಂಗಸರ, ವ್ಯಾಪಾರಿಗಳ, ಹೇಡಿಗಳ ನಡುವೆಯೇ ಉಳಿಯುತ್ತಾನೆ. ಆ ಹೇಡಿಗಳಲ್ಲಿ ಒಬ್ಬನು ಇಂಡಿಯಾದ ಕಂಪನಿ ಕಲೆಕ್ಟರ್. ನಗೆಗೆ ಗುರಿಯಾದ ಆ ಪಾತ್ರಕ್ಕೂ ಕಿತ್ತೂರಿನ ಬಾಗಿಲಲ್ಲಿ ಬಿದ್ದ ಕಲೆಕ್ಟರನಿಗೂ ನೇರ ಸಂಬಂಧ ಕಲ್ಪಿಸುವ ಅಗತ್ಯವಿಲ್ಲ. ಒಂದೇ ಸಾವಿನ ಎರಡು ದಂಡೆಗಳಲ್ಲಿ ಹುಟ್ಟಿದ ಎರಡು ಯುದ್ಧಕಥನಗಳು ಎಷ್ಟು ಬೇರೆಯಾದವೆಂಬುದು ಮಾತ್ರ ನೋಡತಕ್ಕದ್ದು. ಕಾದಂಬರಿ ಯುದ್ಧದಿಂದ ಹಿಂದೆ ಸರಿದು ಅದನ್ನು ಅಣಕಿಸಿತು. ಲಾವಣಿ ದಪ್ಪಿನ ಬಡಿತದೊಡನೆ ನೇರವಾಗಿ ಅಗಸೆಬಾಗಿಲಿಗೆ ನುಗ್ಗಿತು. ಗೆದ್ದ ಸಾಮ್ರಾಜ್ಯಕ್ಕೆ ಅಣಕದ ಅನುಕೂಲವಿರುತ್ತದೆ. ಸೋತ ಹಳ್ಳಿಗೆ ಅದು ಇರುವುದಿಲ್ಲ.

ಶತ್ರುವಿನ ಬರಹದಲ್ಲಿ ನಮ್ಮ ವೀರನ ಸಾಕ್ಷ್ಯ ಉಳಿಯುವ ಈ ವಿಚಿತ್ರ ಸಂಗತಿ ಹತ್ತೊಂಬತ್ತನೆಯ ಶತಮಾನಕ್ಕೆ ಮುಗಿಯಲಿಲ್ಲ. ಕೊಡಗಿನ ಅಜ್ಜಮಾಡ ದೇವಯ್ಯನವರದು ಇಪ್ಪತ್ತನೆಯ ಶತಮಾನದ ದೃಷ್ಟಾಂತ. ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಆಗಿದ್ದ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲಿನ ದಾಳಿಗೆ ಮಿಸ್ಟೆರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ತಮ್ಮದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವೊಂದನ್ನು ಅವರು ಕೆಡವಿದ್ದ ಸಂಗತಿ ಸ್ವದೇಶದ ದಾಖಲೆಯಲ್ಲಿ ಇರಲಿಲ್ಲ. ಅಲ್ಲಿ ಅವರು ಕಾಣೆಯಾದವರು. ಪಾಕಿಸ್ತಾನದ ಪಕ್ಷದ ವಿವರಗಳನ್ನು ಆಧರಿಸಿ ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಆ ಕಾದಾಟ ಬೆಳಕಿಗೆ ಬಂದಿತು. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಅಂದರೆ ಇಪ್ಪತ್ಮೂರು ವರ್ಷಗಳ ಬಳಿಕ. 2025ರಲ್ಲಿ ಬಂದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವು ಪಾತ್ರಗಳ ಹೆಸರು ಬದಲಿಸಿ ಈ ಪ್ರಸಂಗವನ್ನು ಬಳಸಿಕೊಂಡಿತು. ಆಕಾಶದಲ್ಲಿ ಒಬ್ಬನೇ ಕಾದಿ ಬಿದ್ದವನಿಗೆ ಕಣ್ಣಾರೆ ಕಂಡ ಸಾಕ್ಷಿ ಅವನ ಎದುರಾಳಿ ಮಾತ್ರ. ಸಂಗೊಳ್ಳಿಯ ಸಿಪಾಯಿಯ ಸುತ್ತ ಒಂದು ಊರಿತ್ತು. ಅವನು ಸತ್ತ ದಿನವೇ ಅವನ ಕಥೆ ಆರಂಭವಾಗಬಹುದಿತ್ತು. ವಿಮಾನಚಾಲಕನ ಕಥೆಗೆ ಕಡತ ತೆರೆಯುವವರೆಗೆ ಕಾಯಬೇಕಾಯಿತು. ಯುದ್ಧದ ತಂತ್ರ ಬದಲಾದಂತೆ ಯುದ್ಧಕಥನದ ಹುಟ್ಟುವ ಸ್ಥಳವೂ ಬದಲಾಗುವುದಕ್ಕೆ ಇದು ನಿದರ್ಶನ.

ಕಿತ್ತೂರಿನ ಕಥೆಗೂ ಚಲನಚಿತ್ರ ಬಂದಿತು. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರದು, ನಾಗಣ್ಣ ನಿರ್ದೇಶನದ ‘ಸಂಗೊಳ್ಳಿ ರಾಯಣ್ಣ’ 2012ರದು. ಅರ್ಧ ಶತಮಾನದ ಅಂತರದ ಈ ಎರಡು ಚಿತ್ರಗಳ ನಡುವೆ ಕಥೆಯ ಕೇಂದ್ರ ರಾಣಿಯಿಂದ ಸಿಪಾಯಿಗೆ ಸರಿದದ್ದು ಸ್ಪಷ್ಟವಾಗಿದೆ. 2007ರಲ್ಲಿ ಸಂಸತ್ತಿನ ಆವರಣದಲ್ಲಿ ಚನ್ನಮ್ಮನ ಪ್ರತಿಮೆ ನಿಂತಿತು. 2021ರಲ್ಲಿ ಮುಂಬಯಿ ಕರ್ನಾಟಕವೆಂಬ ಹೆಸರು ಹೋಗಿ ಕಿತ್ತೂರು ಕರ್ನಾಟಕ ಬಂದಿತು. 2024ರಲ್ಲಿ ಕಾಳಗಕ್ಕೆ ಇನ್ನೂರು ವರ್ಷ ತುಂಬಿತು. ಇಷ್ಟೆಲ್ಲ ಗೌರವದ ನಡುವೆ ಶೇತಸನದಿಯ ಹೊಲ ಕಥೆಯಿಂದ ಮೆಲ್ಲನೆ ಜಾರಿಹೋಗುತ್ತಿದೆ. ಬೆಳ್ಳಿತೆರೆಯ ಮೇಲಿನ ರಾಯಣ್ಣನಿಗೆ ಕುದುರೆ ಇದೆ, ಖಡ್ಗ ಇದೆ, ಜನಸ್ತೋಮವಿದೆ. ಜಪ್ತಿಯಾದ ಹೊಲದ ಸರ್ವೆ ಅವನ ಮುಂದೆ ಇಲ್ಲ. ಅವನು ಸೇನಾಧಿಪತಿಯಾಗುತ್ತ ಹೋದಷ್ಟೂ ಸಿಪಾಯಿಯಾಗಿ ಕಡಿಮೆಯಾಗುತ್ತಾನೆ. ಈಗ ಹಾಡುತ್ತಿರುವ ಹಿರಿಯರಲ್ಲಿ ಉಳಿದಿರುವ ಪಾಠಗಳಲ್ಲಿ ಹೊಲ, ಬಾಕಿ, ಕಲ್ಲು, ಕಚೇರಿ ಎಂಬ ಮಾತುಗಳು ಎಲ್ಲಿ ಬರುತ್ತವೆ, ಎಲ್ಲಿ ಬಿಟ್ಟುಹೋಗಿವೆ ಎಂಬುದನ್ನು ಊರೂರಿಗೆ ಬೇರೆಬೇರೆಯಾಗಿ ದಾಖಲಿಸುವ ಕೆಲಸ ಸವದತ್ತಿ, ಬೈಲಹೊಂಗಲ ಸೀಮೆಗಳಲ್ಲಿ ತುರ್ತಾಗಿ ಆಗಬೇಕಾಗಿದೆ. ಅಚ್ಚಿನ ಪುಸ್ತಕ ಮತ್ತು ಚಿತ್ರಗಳ ಪಾಠ ಮರಳಿ ಹಾಡುಗಾರರ ಬಾಯಿಗೆ ಹೊಕ್ಕಿರುವುದರಿಂದ ಹಳೆಯ ಎಳೆಯನ್ನು ಹೊಸದರಿಂದ ಬಿಡಿಸುವುದು ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತಿದೆ.

ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ವೀರಗಲ್ಲಿನ ಮೇಲಣ ಪಟ್ಟಿಕೆಯಲ್ಲಿರುವ ಕೈಲಾಸ ಅವನ ಕಥೆಯಲ್ಲಿ ಮುಖ್ಯವಾಗುವುದಿಲ್ಲ. ಅಪ್ಸರೆಯರು ಅವನನ್ನು ಕೊಂಡೊಯ್ಯಲಿಲ್ಲ. ಅವನು ಅಲ್ಲಿಯೇ ನೆಲದಲ್ಲಿ ಉಳಿದು ಆಲದ ಮರವಾದನೆಂದು ಜನ ನಂಬುತ್ತಾರೆ. ಸಮಾಧಿಯ ಬಳಿಯ ಆ ಮರಕ್ಕೆ ಮಕ್ಕಳಿಲ್ಲದ ದಂಪತಿಗಳು ಬಂದು ಹರಕೆ ಹೊತ್ತು ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ. ಗಾಳಿ ಬೀಸಿದಾಗ ಅವು ಕೊಂಬೆಗಳಲ್ಲಿ ತೂಗುತ್ತವೆ.